ಗಿರಣಿಯ ಬಾಯಿಗೆ ಹಚ್ಚಿದ ಕುಂಕುಮ

ನನ್ನ ಸಿಟ್ಟಿನಿಂದ ಒಬ್ಬರ ಕೆಲಸ ಹೋಯಿತು. ಬರೀ ಕೆಲಸ ಹೋಗಿದ್ದರೆ ಇಷ್ಟು ವರ್ಷದ ಮೇಲೆ ಬರೆಯೋಕೆ ಕೂರುತ್ತಿರಲಿಲ್ಲವೇನೋ. ಕೆಲಸದ ಜೊತೆಗೆ ಅವರ ಹೆಸರೂ ಹೋಯಿತು. ಅರವತ್ತು ದಾಟಿದ ಮನುಷ್ಯ, ಮೂವತ್ತು ವರ್ಷ ಯಂತ್ರ ತೊಳೆದು ಸಂಸಾರ ನಡೆಸಿದವರು. ಅವರಿಗೆ ‘ತೊಳೆಯದೆ ಬಿಟ್ಟವನು’ ಅನ್ನೋ ಹೆಸರು ಅಂಟಿಸಿ ಮನೆಗೆ ಕಳಿಸಿದವಳು ನಾನು. ಆ ಕಥೆ ಹೇಳಬೇಕಾದರೆ ಮೊದಲು ಬೂದಿಯ ವಿಷಯ ಹೇಳಬೇಕು.

ನಾನು ರಾಯಚೂರಿನ ಕಡೆಯವಳು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಬೂದಿ ನಮ್ಮ ಬಾಲ್ಯದ ತುಂಬ ಇತ್ತು. ಮಾಳಿಗೆ ಮೇಲೆ ಸಂಡಿಗೆ ಹಾಕಿದರೆ ಸಂಡಿಗೆ ಮೇಲೆ, ಬಿಳಿ ಅಂಗಿ ಒಣಹಾಕಿದರೆ ಅಂಗಿ ಮೇಲೆ. ಅವ್ವ ಸಂಜೆ ಮಾಳಿಗೆ ಹತ್ತಿ, ದೂರದ ಚಿಮಣಿ ಕಡೆ ನೋಡಿ, “ನಿನ್ನ ಮಾರಿಗೆ ಬೆಂಕಿ ಹಚ್ಚಲಿ” ಅಂತ ಬೈಯುತ್ತಿದ್ದಳು. ಅದರ ಮಾರಿಗೆ ಆಗಲೇ ಬೆಂಕಿ ಹಚ್ಚಿಯೇ ಇತ್ತು ಅನ್ನೋದು ಆಕೆಗೆ ಹೊಳೆದಿರಲಿಲ್ಲ. ಮುಂದೆ ನಾನು ಓದಿ, ಮದುವೆಯಾಗಿ, ಟೆಕ್ಸಸ್‌ಗೆ ಬಂದು, ಅಂಥದೇ ಬೂದಿಯ ಕೆಲಸ ಸಿಕ್ಕಿದೆ ಅಂತ ಫೋನ್ ಮಾಡಿದಾಗ ಅವ್ವ, “ಅಷ್ಟು ದೂರ ಹೋಗಿ ಬೂದಿ ಬಳಿಯಾಕ ಹತ್ತಿಯೇನು?” ಅಂದಳು.

ಬಳಿಯೋದೇ ಸರಿ. ನಮ್ಮದು ಆಸ್ಟಿನ್ನಿನ ಈಶಾನ್ಯಕ್ಕೆ, ಟೇಲರ್ ಊರಿನ ಹೊರಗೆ ಹೊಲಗಳ ನಡುವೆ ಇದ್ದ ತಗಡಿನ ಶೆಡ್ಡು. ಚಿಪ್ ಮಾಡುವ ದೊಡ್ಡ ಕಾರ್ಖಾನೆ ಅಲ್ಲಿಗೆ ಬಂದದ್ದು ಆಮೇಲೆ. ಆಗ ಬಾಗಿಲು ತೆಗೆದರೆ ಹತ್ತಿ, ಜೋಳ, ಒಂದು ರೈಲು ಹಳಿ. ನಮ್ಮ ಶೆಡ್ಡಿಗೆ ಬರುತ್ತಿದ್ದದ್ದೆಲ್ಲ ಬೇರೆಯವರಿಗೆ ಬೇಡವಾದದ್ದು. ಕಲ್ಲಿದ್ದಲಿನ ಬೂದಿ, ಡಲ್ಲಾಸ್ ಕಡೆಯಿಂದ ಉಕ್ಕು ಕರಗಿಸಿದ ಮೇಲೆ ಉಳಿಯೋ ಕಿಟ್ಟ, ಸಿಮೆಂಟಿನ ಗೂಡಿನಿಂದ ಹಾರೋ ಧೂಳು. ಇವುಗಳನ್ನು ಹದವಾಗಿ ಕಲಸಿ ನೀರು ಹಾಕಿದರೆ ಕಲ್ಲಾಗುತ್ತವೆ. ಅದರಿಂದ ಎರಡು ಕೆಲಸ ಮಾಡುತ್ತಿದ್ದೆವು. ಒಂದು, ಅಂಗಳಕ್ಕೆ ಹಾಸುವ ಬಿಲ್ಲೆಗಳು. ಜಾರ್ಜ್‌ಟೌನ್ ಕಡೆ ಹೊಸದಾಗಿ ಏಳುತ್ತಿದ್ದ ಮನೆಗಳಿಗೆ ಹೋಗುತ್ತಿದ್ದವು. ಇನ್ನೊಂದು, ವಿಷ ಕಟ್ಟಿಹಾಕೋದು. ಹ್ಯೂಸ್ಟನ್ ಬಂದರಿನ ಹತ್ತಿರ ಹಳೇ ಎಣ್ಣೆ ಟ್ಯಾಂಕುಗಳ ಬಣ್ಣ ಕೆರೆದು ತೆಗೆಯುತ್ತಾರೆ. ಆ ಬೂದುಬಣ್ಣದ ಪುಡಿಯ ತುಂಬ ಸೀಸ. ಅದನ್ನು ಹಾಗೇ ನೆಲದಲ್ಲಿ ಹೂಳಿದರೆ ಮಳೆ ನೀರಿನ ಜೊತೆ ಇಳಿದುಹೋಗುತ್ತದೆ. ನಮ್ಮ ಬೂದಿ-ಕಿಟ್ಟದ ಜೊತೆ ಕಲಸಿ ಗಟ್ಟಿ ಮಾಡಿದರೆ ಸೀಸ ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ಹೂಳಬಹುದು.

ಫ್ಲೂಗರ್‌ವಿಲ್‌ನ ನಮ್ಮ ಮನೆಗೆ ಬರುವ ಬೆಂಗಳೂರು-ಮೈಸೂರಿನ ಸಾಫ್ಟ್‌ವೇರ್ ಮಂದಿಗೆ ಇದನ್ನು ಎಷ್ಟು ಸಲ ಹೇಳಿದರೂ ಅಷ್ಟೇ. ಊಟದ ತಟ್ಟೆ ಹಿಡಿದುಕೊಂಡು, “ಹಂಗಾದ್ರೆ ಆ ಸೀಸ ಎಲ್ಲ ನಮ್ಮ ಡ್ರೈವ್‌ವೇ ಬಿಲ್ಲೆಲೇ ಇದೆ ಅನ್ನಿ” ಅಂತ ಒಬ್ಬರಾದರೂ ನಗೋರು. “ಎರಡೂ ಬ್ಯಾರೆ ಬ್ಯಾರೆ ರೀ, ಎಷ್ಟು ಸಲ ಹೇಳಬೇಕು” ಅಂತ ನಾನು ಮೇಲೆ ಬೀಳುತ್ತಿದ್ದೆ. ನನ್ನ ಗಂಡ ಮೈಸೂರಿನವನು, ತಣ್ಣಗಿನ ಮನುಷ್ಯ. “ಬಿಡೇ, ಪಾಪ, ಪಲಾವ್ ತಿನ್ಲಿ” ಅನ್ನುತ್ತಿದ್ದ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೆ ಕೆಳಗಿಳಿಯಲು ದಾರಿ ಬೇಕಿಲ್ಲ.

ಗಟ್ಟಿಯಾದ ಬಿಲ್ಲೆ ನಿಜವಾಗಿ ಸೀಸವನ್ನು ಹಿಡಿದಿಟ್ಟಿದೆಯೋ ಇಲ್ಲವೋ ಅಂತ ನೋಡಲು ಒಂದು ಪರೀಕ್ಷೆ ಇದೆ. ಬಿಲ್ಲೆಯನ್ನು ಪುಡಿ ಮಾಡಬೇಕು. ಪುಡಿಯನ್ನು ಹುಳಿ ನೀರಿನ ಬಾಟಲಿಗೆ ಹಾಕಿ ಗಂಟೆಗಟ್ಟಲೆ ಉರುಳಿಸಬೇಕು. ಆಮೇಲೆ ಆ ನೀರಿಗೆ ಎಷ್ಟು ಸೀಸ ಇಳಿದಿದೆ ಅಂತ ಅಳೆಯಬೇಕು. ಪುಡಿ ಮಾಡಲು ಒಂದು ಯಂತ್ರ ಇತ್ತು, ಮೇಲೆ ಅಗಲವಾದ ಕಬ್ಬಿಣದ ಬಾಯಿ, ಒಳಗೆ ಎರಡು ದವಡೆ. ನಾನದನ್ನು ಗಿರಣಿ ಅನ್ನುತ್ತಿದ್ದೆ. ಎಲ್ಲರಿಗೂ ಅದೇ ಬಾಯಿಗೆ ಬಂತು. ಮ್ಯಾನೇಜರ್ ಕೂಡ “ಗಿರ್‍ನಿ” ಅನ್ನುತ್ತಿದ್ದರು.

ಗಿರಣಿ ನೋಡಿಕೊಳ್ಳುತ್ತಿದ್ದವರು ಮೊದಲು ಹೇಳಿದ ಆ ವಯಸ್ಸಾದ ಯಜಮಾನರು. ಮೆಕ್ಸಿಕೋದಿಂದ ಹುಡುಗನಾಗಿದ್ದಾಗ ಬಂದವರು. ನನ್ನನ್ನು “ಡಾಕ್ಟೋರಾ” ಅಂತ, ಅವರ ಭಾಷೆಯಲ್ಲಿ ಡಾಕ್ಟರಮ್ಮ ಅಂತ, ಕರೆಯುತ್ತಿದ್ದರು. ಅವರು ತೊಳೆಯೋದನ್ನು ನೋಡಬೇಕಿತ್ತು. ಮೂರು ನೀರು ಹಾಕಬೇಕು, ಅದು ನಿಯಮ. ಮೂರನೇ ನೀರನ್ನು ಅವರು ಅಂಗೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಹೋಗಿ ನೋಡುತ್ತಿದ್ದರು. ಒಂದು ಕಣ ಕಂಡರೂ ನಾಲ್ಕನೇ ನೀರು. ತೊಳೆದಾದ ಮೇಲೆ ಗೋಡೆಗೆ ತೂಗುಹಾಕಿದ ಪಟ್ಟಿಯಲ್ಲಿ ಸಹಿ ಮಾಡೋರು. ತೊಳೆಯದೆ ಸಹಿ ಮಾಡಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಒಂದು ವರ್ಷ ಚಳಿಗಾಲ ಮುಗಿಯೋ ಹೊತ್ತಿಗೆ ಹಣೆಗೆ ಬೂದಿ ಹಚ್ಚಿಕೊಂಡು ಕೆಲಸಕ್ಕೆ ಬಂದರು. ನನಗೆ ನಗು ಬಂತು. “ಬೆಳಿಗ್ಗೆ ಬೆಳಿಗ್ಗೇನೇ ಚೀಲ ಒಡೆದ್ರಾ?” ಅಂತ ಕೇಳಿದೆ. “ಇದು ಚರ್ಚಿಂದು” ಅಂದರು. ಉಪವಾಸದ ದಿನಗಳು ಶುರುವಾಗೋ ಬುಧವಾರ ಪಾದ್ರಿ ಹಚ್ಚುತ್ತಾರಂತೆ, ಮಣ್ಣಿಂದ ಬಂದವರು ಮಣ್ಣಿಗೇ ಹೋಗುವವರು ಅಂತ ನೆನಪಿಡೋಕೆ. ಒರೆಸಿಕೊಳ್ಳದೆ ಇಡೀ ದಿನ ಇಟ್ಟುಕೊಂಡರು. ಬೆವರಿಗೆ ಕಣ್ಣಿನೊಳಗೆ ಇಳಿದರೂ ಮುಟ್ಟಲಿಲ್ಲ. ನಮ್ಮ ಅಪ್ಪ ಹಚ್ಚಿಕೊಳ್ಳುತ್ತಿದ್ದ ವಿಭೂತಿ ನೆನಪಾಗಿ ನನಗೆ ಅವರ ಮೇಲೆ ಅಕ್ಕರೆ ಬಂತು. ಅವತ್ತು ನಮ್ಮಿಬ್ಬರ ಡಬ್ಬಿ ಊಟ ಒಟ್ಟಿಗೇ ಆಯಿತು.

ಆ ವರ್ಷ ನವರಾತ್ರಿಯಲ್ಲಿ ನಾನು ಶೆಡ್ಡಿನಲ್ಲಿ ಆಯುಧ ಪೂಜೆ ಮಾಡಿದೆ. ಹ್ಯೂಸ್ಟನ್ ಗಿರಾಕಿಯ ಬಣ್ಣದ ಪುಡಿಗೆ ನಮ್ಮ ಹೊಸ ಹದ ಒಪ್ಪಿಗೆಯಾಗಬೇಕಿತ್ತು, ಮಾರನೇ ದಿನವೇ ಮೊದಲ ಬಿಲ್ಲೆಯ ಪರೀಕ್ಷೆ. ಎಲ್ಲರೂ ಕಾರಿಗೆ ಮಾಡುತ್ತಾರೆ, ನನಗೆ ಅನ್ನ ಕೊಡೋದು ಗಿರಣಿ, ಅದಕ್ಕೆ ಯಾಕೆ ಬೇಡ ಅಂತ. ಯಜಮಾನರು ಬೆಳಿಗ್ಗೆಯೇ ಎಲ್ಲ ಯಂತ್ರ ತೊಳೆದು ಒರೆಸಿ ಕೊಟ್ಟರು. ನಾನು ಚೆಂಡು ಹೂವು ಇಟ್ಟು, ಊದುಬತ್ತಿ ಹಚ್ಚಿ, ಗಿರಣಿಯ ಬಾಯಿಯ ಅಂಚಿಗೆ ಅರಿಸಿನ ಬಳಿದು, ಅದರ ಮೇಲೆ ದಪ್ಪಗೆ ಐದು ಕಡೆ ಕುಂಕುಮ ಇಟ್ಟೆ. ಅವ್ವ ಊರಿಂದ ಕಳಿಸಿದ ಡಬ್ಬಿಯದು, ಒಳ್ಳೇ ಕಡು ಕೆಂಪು.

ಸಂಜೆ ಅವರು ಮಾಮೂಲಿನಂತೆ ಪೈಪು ಹಿಡಿದು ಬಂದರು. ಪರೀಕ್ಷೆಯ ಹಿಂದಿನ ಸಂಜೆ ತೊಳೆಯಲೇಬೇಕು. ನಾನು ತಡೆದೆ. ನಮ್ಮನೆ ಪದ್ಧತಿಯಲ್ಲಿ ಆಯುಧಕ್ಕೆ ಹಚ್ಚಿದ್ದನ್ನು ಆ ದಿನ ಒರೆಸೋ ಹಾಗಿಲ್ಲ. ವಿಜಯದಶಮಿ ಬೆಳಿಗ್ಗೆ ಆ ಕುಂಕುಮದ ಮೇಲೆಯೇ ಕೆಲಸ ಶುರು ಮಾಡಬೇಕು. ಬೆಳಿಗ್ಗೆ ತೊಳೆದಿದ್ದೀರಲ್ಲ, ಇವತ್ತು ಹೀಗೇ ಇರಲಿ ಅಂದೆ. ಅವರು ಗಿರಣಿಯ ಬಾಯಿ ನೋಡಿ, ನನ್ನ ಹಣೆ ನೋಡಿ, ತಲೆ ಆಡಿಸಿ ಪೈಪು ಸುತ್ತಿಟ್ಟರು. ಪಟ್ಟಿಯಲ್ಲಿ ಸಹಿ ಮಾಡದೆ ಮನೆಗೆ ಹೋದರು.

ಹುಳಿ ನೀರು ಅಳೆಯಲು ಹೊರಗಿನ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಫಲಿತಾಂಶ ಬಂದಾಗ ದೀಪಾವಳಿ ಹತ್ತಿರ. ಒಂದೇ ದಿನ ಎರೆದು ಬೇರೆ ಬೇರೆ ದಿನ ಪುಡಿ ಮಾಡಿದ ಮೂರು ಬಿಲ್ಲೆಗಳಲ್ಲಿ ಎರಡು ಚೊಕ್ಕ, ಮೊದಲನೆಯದರಲ್ಲಿ ಸೀಸ ಮಿತಿಗಿಂತ ಎಷ್ಟೋ ಪಟ್ಟು. ಹದ ಕೆಟ್ಟಿದ್ದರೆ ಮೂರೂ ಕೆಡಬೇಕಿತ್ತು. ಅಂದರೆ ಗಿರಣಿಯಲ್ಲಿ ಮೊದಲು ಅರೆದ, ಇನ್ನೂ ಬೂದಿ ಕಲಸದ ಬಣ್ಣದ ಪುಡಿ ಉಳಿದಿರಬೇಕು. ಎದ್ದು ಹೋಗಿ ಗೋಡೆಯ ಪಟ್ಟಿ ನೋಡಿದೆ. ಮೊದಲ ಬಿಲ್ಲೆಯ ಹಿಂದಿನ ಸಂಜೆಯ ಖಾನೆ ಖಾಲಿ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷದ ಕೆಲಸ, ಒಂದು ಬಕೆಟ್ ನೀರು ಹಾಕದ್ದಕ್ಕೆ ಹಾಳಾಯಿತಲ್ಲ ಅಂತ. ಪಟ್ಟಿಯನ್ನು ಕಿತ್ತುಕೊಂಡು ಮ್ಯಾನೇಜರ್ ಕೋಣೆಗೆ ಹೋದೆ.

ಯಜಮಾನರನ್ನು ಕರೆಸಿದರು. “ಅವತ್ತು ಸಂಜೆ ಗಿರಣಿ ತೊಳೆದಿರಾ?” ಅಂತ ಮ್ಯಾನೇಜರ್ ಕೇಳಿದರು. ಅವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ತಿರುಗಿ ನನ್ನ ಮುಖ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ “ಇಲ್ಲ” ಅಂದರು. “ಕೇಳಿದ್ರಲ್ಲ” ಅಂದೆ ನಾನು. ಆ ಶುಕ್ರವಾರ ಅವರ ಕೊನೆಯ ದಿನವಾಯಿತು. ಗಿರಾಕಿಗೆ ಕಳಿಸಿದ ವರದಿಯಲ್ಲಿ ಕಾರಣದ ಸಾಲು ನಾನೇ ಬರೆದೆ: ಕೆಲಸಗಾರ ಯಂತ್ರ ತೊಳೆಯದೆ ಬಿಟ್ಟದ್ದು.

ನಂಬುತ್ತೀರೋ ಇಲ್ಲವೋ, ನಾನೇ ತಡೆದದ್ದು ನನಗೆ ಆ ಗಳಿಗೆಯಲ್ಲಿ ಒಂದು ಚೂರೂ ನೆನಪಾಗಲಿಲ್ಲ. ಸುಳ್ಳು ಹೇಳಿದ್ದರೆ ಸುಳ್ಳು ಅಂತಲಾದರೂ ಒಪ್ಪಿಕೊಳ್ಳಬಹುದಿತ್ತು. ಪೂಜೆ ನನ್ನ ತಲೆಯ ಒಂದು ಖಾನೆಯಲ್ಲಿತ್ತು, ಪಟ್ಟಿ ಇನ್ನೊಂದರಲ್ಲಿ. ಸಿಟ್ಟು ಬಂದಾಗ ನಾನು ತೆಗೆಯೋದು ಒಂದೇ ಖಾನೆ. ಅದೂ ಅಲ್ಲದೆ ಕುಂಕುಮ ಅಂದರೆ ಅರಿಸಿನ, ಸುಣ್ಣ, ನಿಂಬೆ ರಸ ಅಂತ ಅಜ್ಜಿಯ ಕಾಲದಿಂದ ನನ್ನ ತಲೆಯಲ್ಲಿ ಕೂತಿತ್ತು. ನಾನು ರಸಾಯನಶಾಸ್ತ್ರ ಓದಿದವಳು. ದೇವರ ಗೂಡಿನ ಡಬ್ಬಿಗಳಿಗೆ ಆ ಓದು ಮುಟ್ಟಿರಲಿಲ್ಲ.

ಹೊಸಬರು ಬಂದರು, ಮತ್ತೆ ಪರೀಕ್ಷೆ ಮಾಡಿದೆವು, ಎಲ್ಲ ಚೊಕ್ಕವಾಗಿ ಬಂತು, ಗಿರಾಕಿ ಒಪ್ಪಿದ. ಚಳಿಗಾಲ ಕಳೆಯಿತು. ಹಳೇ ಸ್ಯಾಂಪಲ್ ಜಾಡಿಗಳನ್ನು ವಿಲೇವಾರಿ ಮಾಡುವಾಗ ಆ ಮೊದಲ ಬಿಲ್ಲೆಯ ಉಳಿದ ಪುಡಿ ಕೈಗೆ ಸಿಕ್ಕಿತು. ಸುಮ್ಮನೆ ಬಿಳಿ ಹಾಳೆಯ ಮೇಲೆ ಸುರಿದೆ. ಬೂದು ಪುಡಿಯಲ್ಲಿ ಅಲ್ಲಲ್ಲಿ ಕೆಂಪು ಕಣ. ಹ್ಯೂಸ್ಟನ್ ಟ್ಯಾಂಕಿನ ಬಣ್ಣ ಬೂದಿ ಬಣ್ಣದ್ದು, ಅದರಲ್ಲಿ ಕೆಂಪು ಎಲ್ಲಿಂದ ಬರಬೇಕು? ಲೋಹ ಗುರುತಿಸುವ ಒಂದು ಗನ್ನು ನಮ್ಮಲ್ಲಿತ್ತು. ಇಟ್ಟು ಒತ್ತಿದರೆ ಯಾವ ಲೋಹ ಅಂತ ಹೇಳುತ್ತದೆ. ಕೆಂಪು ಕಣದ ಮೇಲಿಟ್ಟು ಒತ್ತಿದೆ. ಸೀಸ. ಟಾರ್ಚ್ ಹಾಕಿ ಗಿರಣಿಯ ಬಾಯಿ ನೋಡಿದೆ. ಬೋಲ್ಟಿನ ಹಿಂದಿನ ಸಂದಿಯಲ್ಲಿ ಒಂದು ಸಾಸಿವೆಯಷ್ಟು ಕೆಂಪು ಇನ್ನೂ ಕೂತಿತ್ತು.

ಮಾರನೇ ದಿನ ಮನೆಯಿಂದ ಕುಂಕುಮದ ಡಬ್ಬಿ ತಂದು ಅದಕ್ಕೂ ಗನ್ನು ಇಟ್ಟೆ. ಅದೇ ಸೀಸ. ಅಂಕಿ ಸಣ್ಣದಲ್ಲ. ಆಗ, ಅದೇ ನಿಂತ ಜಾಗದಲ್ಲಿ, ಪೈಪು ಹಿಡಿದು ಬಂದ ಯಜಮಾನರೂ, ತಡೆದ ನನ್ನ ಕೈಯೂ, ಅವರು ಪೈಪು ಸುತ್ತಿಟ್ಟದ್ದೂ ಎಲ್ಲ ಒಟ್ಟಿಗೇ ನೆನಪಾಯಿತು. ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರೋದಿಲ್ಲ ಅಂತ ಅವ್ವ ನನಗೆ ಹೇಳುತ್ತಲೇ ಬೆಳೆಸಿದ್ದಳು. ನಾನು ಕೊಯ್ದದ್ದು ಇನ್ನೊಬ್ಬರ ಮೂಗು.

ಅವ್ವನಿಗೆ ಫೋನ್ ಮಾಡಿ ಆ ಕುಂಕುಮ ಹಚ್ಚಬೇಡ ಅಂದೆ. “ಪ್ಯಾಟ್ಯಾಗ ರಾಶಿ ಹಾಕಿ ಮಾರತಿದ್ರವ್ವ. ಕೆಂಪಗ ಚಂದ ಕಾಣಸ್ತು, ತಂದೆ” ಅಂದಳು. ಆಮೇಲೆ ಸಣ್ಣ ದನಿಯಲ್ಲಿ, “ನಮ್ಮವ್ವ ಮನ್ಯಾಗ ಮಾಡತಿದ್ಲು. ನಾನಽ ಆಲಸಿ ಮಾಡಿದೆ” ಅಂತ ಸೇರಿಸಿದಳು. ನಾವು ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿದೆವು, ಪುಣ್ಯಕ್ಕೆ ಏನೂ ಇರಲಿಲ್ಲ. ಡಬ್ಬಿ ಏನು ಮಾಡೋದು ಅನ್ನೋದು ಬೇರೆ ತಲೆನೋವು. ಕುಂಕುಮವನ್ನು ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ, ಹರಿಯೋ ನೀರಿಗೆ ಬಿಡಬೇಕು. ಸೀಸವನ್ನು ಹರಿಯೋ ನೀರಿಗೆ ಬಿಡೋ ಹಾಗಿಲ್ಲ. “ನಿನ್ನ ಬೂದಿಲೇ ಕಲಸಿ ಕಲ್ಲು ಮಾಡ್ಬಿಡು” ಅಂದ ಗಂಡ, ತಮಾಷೆಗೆ. ನಾನು ತಮಾಷೆ ಮಾಡಲಿಲ್ಲ. ಹ್ಯೂಸ್ಟನ್ ಪುಡಿಯ ಹದದಲ್ಲೇ ಬೂದಿ, ಕಿಟ್ಟ ಹಾಕಿ, ಡಬ್ಬಿಯನ್ನು ಕೊನೇ ಚಿಟಿಕೆಯವರೆಗೆ ಕೊಡವಿ, ಒಂದು ಬಿಲ್ಲೆ ಎರೆದೆ. ಕೈ ಮುಗಿದು ಎರೆದೆ. ಹೂಳಲು ಹೋಗುವ ಹ್ಯೂಸ್ಟನ್ ಬಿಲ್ಲೆಗಳ ಜೊತೆ ಅದೂ ಹೋಯಿತು.

ಮ್ಯಾನೇಜರ್‌ಗೆ ಹೇಳಿದೆ. ಅವರು ಎಲ್ಲ ಕೇಳಿ, “ಮುಗಿದ ವಿಷಯ. ಗಿರಾಕಿ ಒಪ್ಪಿಯಾಗಿದೆ. ಪೂಜೆ ಗೀಜೆ ಅಂತ ವರದಿಯಲ್ಲಿ ಬರೆದರೆ ನಗ್ತಾರೆ” ಅಂದರು. ನಗಲಿ ಅಂದೆ. ಒಂದು ಗಂಟೆ ಜಗಳ ಆಯಿತು. ಮೇಜು ಗುದ್ದಿದೆ. ನನ್ನ ಸಿಟ್ಟು ಸರಿಯಾದ ಕಡೆಗೆ ಹೋದದ್ದು ಅವತ್ತು ಮಾತ್ರ ಅನಿಸುತ್ತದೆ. ಕೊನೆಗೆ ವರದಿ ತಿದ್ದಲು ಒಪ್ಪಿದರು. ಯಜಮಾನರು ಬರೋದಾದರೆ ಬರಲಿ, ಕೆಲಸ ಇದೆ ಅಂದರು. ಹಳೇ ನಂಬರಿಗೆ ಫೋನ್ ಮಾಡಿದೆ. ಯಜಮಾನರ ಮಗಳು ಎತ್ತಿದಳು. ಅಪ್ಪ ಈಗ ಡಲ್ಲಾಸಿನಲ್ಲಿ ನನ್ನ ಮನೆಯಲ್ಲೇ ಇದ್ದಾರೆ ಅಂದಳು. ಯಾಕೆ ಅಂತ ಕೇಳಲಿಲ್ಲ, ಶನಿವಾರ ಬನ್ನಿ ಅಂದಳು.

ಶನಿವಾರ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಗಂಡ ಬರುತ್ತೇನೆ ಅಂದ, ಬೇಡ ಅಂದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಡಲ್ಲಾಸ್ ಹತ್ತಿರ ಕಿಟ್ಟ ತುಂಬಿದ ಒಂದು ಲಾರಿ ಎದುರು ರಸ್ತೆಯಲ್ಲಿ ದಕ್ಷಿಣಕ್ಕೆ ಹೋಯಿತು. ನಮ್ಮ ಶೆಡ್ಡಿಗೇ ಇರಬಹುದು.

ಯಜಮಾನರು ನನ್ನನ್ನು ಅಡುಗೆಮನೆಯ ಮೇಜಿಗೆ ಕೂರಿಸಿದರು. ಸ್ವಲ್ಪ ಇಳಿದಿದ್ದರು. ಬೆಳಗಿನ ಕಪ್ಪುಗಳು ಸಿಂಕಿನಲ್ಲಿದ್ದವು. ಅವರೇ ಎದ್ದು ಎರಡು ಕಪ್ಪು ತೊಳೆದು ಒಣಗಲು ಬೋರಲು ಹಾಕಿದರು. ಅವರು ಈ ಕಡೆ ತಿರುಗುತ್ತಿದ್ದಂತೆ ಮಗಳು ಆ ಎರಡೂ ಕಪ್ಪುಗಳನ್ನು ತೆಗೆದು, ನಲ್ಲಿ ಬಿಟ್ಟು, ಇನ್ನೊಂದು ಸಲ ಸೋಪು ಹಾಕಿ ತೊಳೆದು, ನನಗೆ ಕಾಫಿ ಹಾಕಿದಳು. ಕೆಟ್ಟ ಮನಸ್ಸಿನಿಂದಲ್ಲ, ವಯಸ್ಸಾದ ಅಪ್ಪನಿಗೆ ಈಗ ಗಮನ ಸಾಲದು ಅಂದುಕೊಂಡವಳ ಹಾಗೆ. ಅವರು ನೋಡಿದರು. ನಾನು ನೋಡಿದ್ದನ್ನೂ ನೋಡಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

ಹೇಗೋ ಹೇಳಿದೆ. ಕುಂಕುಮ, ಕೆಂಪು ಕಣ, ಗನ್ನು, ನಾನು ತಡೆದದ್ದು. ತಪ್ಪು ನನ್ನದು, ನಿಮ್ಮದಲ್ಲ, ವಾಪಸ್ ಬನ್ನಿ ಅಂದೆ. ಅಳಬಾರದು ಅಂದುಕೊಂಡಿದ್ದೆ, ಅತ್ತೆ. ಅವರು ಕಾಗದದ ಟವೆಲ್ಲು ಹರಿದು ಕೊಟ್ಟರು.

“ಅವತ್ತೇ ಯಾಕೆ ಹೇಳಲಿಲ್ಲ ನೀವು? ಡಾಕ್ಟೋರಾನೇ ಬೇಡ ಅಂದ್ರು ಅಂತ ಒಂದು ಮಾತು?” ಅಂತ ಕೇಳಿದೆ.

“ಅವರು ಕೇಳಿದ್ದು ತೊಳೆದೆಯಾ ಅಂತ. ನಾನು ತೊಳೆದಿರಲಿಲ್ಲ.” ಕಾಫಿ ಕಲಕಿದರು. “ನಿಮ್ಮ ದೇವರ ವಿಷಯ. ಆ ಕೋಣೆಯಲ್ಲಿ ನಾನು ಬಾಯಿ ಬಿಡೋದು ಸರಿ ಅನಿಸಲಿಲ್ಲ. ನೀವು ಅಲ್ಲೇ ಇದ್ರಲ್ಲ. ನೀವೇ ಹೇಳ್ತೀರಿ ಅಂತ ಕಾದೆ.”

ಅವರು ನನ್ನ ಮುಖವನ್ನು ಅಷ್ಟು ಹೊತ್ತು ಯಾಕೆ ನೋಡಿದರು ಅಂತ ಆಗ ಗೊತ್ತಾಯಿತು. ನಾನು ಅದನ್ನು ತಪ್ಪು ಮಾಡಿದವರ ನೋಟ ಅಂದುಕೊಂಡಿದ್ದೆ.

ಕೆಲಸಕ್ಕೆ ಬರುವುದಿಲ್ಲ ಅಂದರು. ಆಗಲೇ ಟೇಲರಿನ ಮನೆ ಬಿಟ್ಟಾಗಿತ್ತು, ಮೊಮ್ಮಕ್ಕಳು ಹೊಂದಿಕೊಂಡಿದ್ದರು. “ಒಂದು ಕೆಲಸ ಮಾಡಿ. ಬರೆದುಕೊಡಿ” ಅಂದರು. ಚೀಲದಿಂದ ತಿದ್ದಿದ ವರದಿಯ ಪ್ರತಿ ತೆಗೆದು ಕೊಟ್ಟೆ. ಅದು ಬೇಡ, ಅದು ಕಂಪನಿಯದು, ನಿಮ್ಮ ಕೈಯಲ್ಲಿ ಬರೆದುಕೊಡಿ ಅಂದರು. ಮೊಮ್ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟರು. ನಾನು ಬರೆದೆ. ಇವರು ಬೆಳಿಗ್ಗೆ ಯಂತ್ರ ತೊಳೆದಿದ್ದರು. ಸಂಜೆ ಮತ್ತೆ ತೊಳೆಯಲು ಬಂದಿದ್ದರು. ತೊಳೆಯಬೇಡಿ ಅಂತ ಹೇಳಿದವಳು ನಾನು. ಕೊಳೆ ನನ್ನ ಕೈಯದು. ಇಷ್ಟೇ ಬರೆದು ಸಹಿ ಮಾಡಿದೆ.

ಅವರು ಅದನ್ನು ತಾವು ಓದಲಿಲ್ಲ. ಮಗಳ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಅಂದರು. ಅವಳು ಓದಿದಳು. ಇನ್ನೊಂದು ಸಲ ಅಂದರು. ಎರಡನೇ ಸಲ ಕೊನೆಯ ಸಾಲಿಗೆ ಬಂದಾಗ ಅವಳ ದನಿ ಸಣ್ಣಗಾಯಿತು. ಹಾಳೆ ಮಡಚಿ ಅಪ್ಪನಿಗೆ ಕೊಟ್ಟಳು, ಅವರು ಅದನ್ನು ಅಂಗಿಯ ಜೇಬಿಗೆ ಇಟ್ಟುಕೊಂಡರು.

ಕಾಫಿ ಮುಗಿದಿತ್ತು. ಅವರು ಎದ್ದು ಕಪ್ಪುಗಳನ್ನು ಸಿಂಕಿಗೆ ಒಯ್ದರು. ಮೂರು ನೀರು ಹಾಕಿದರು, ಮೂರನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಬೋರಲು ಹಾಕಿದರು. ಮಗಳು ಅಭ್ಯಾಸದಂತೆ ಒಂದು ಕಪ್ಪಿಗೆ ಕೈ ಹಾಕಿದಳು. ನಲ್ಲಿಯ ತನಕ ಹೋದ ಕೈ ನಿಂತಿತು. ಬಟ್ಟೆ ತೆಗೆದುಕೊಂಡು ಕಪ್ಪು ಒರೆಸಿ, ಹಾಗೇ ಕಪಾಟಿನಲ್ಲಿಟ್ಟಳು.